ಚಿಪ್ಸ್ ಪ್ಯಾಕೆಟ್ಟಿನ ಬೆನ್ನು ಓದಿದ್ದೀರಾ?

ಒಂದು ಮಸಾಲೆ ಚಿಪ್ಸ್ ಪ್ಯಾಕೆಟ್ ಕೈಗೆತ್ತಿಕೊಳ್ಳಿ. ತಿನ್ನುವುದು ಆಮೇಲೆ. ಮೊದಲು ಬೆನ್ನು ತಿರುಗಿಸಿ ನೋಡಿ!

ಮುಂದುಗಡೆ ಕೆಂಪು ಟೊಮೆಟೊ, ಹಸಿರು ಕೊತ್ತಂಬರಿ, ಗರಿಗರಿ ಬಿಲ್ಲೆಗಳ ಚಿತ್ರ. ಹಿಂದುಗಡೆ? ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರ! ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ. ಆಲೂಗಡ್ಡೆ, ತಾಳೆ ಎಣ್ಣೆ, ಸಕ್ಕರೆ, ಉಪ್ಪು, ಮೆಣಸಿನಪುಡಿ, ಈರುಳ್ಳಿ ಪುಡಿ, ಆಮ್ಚೂರ್. ಸರಿ, ಇಲ್ಲಿಯವರೆಗೆ ನಮ್ಮದೇ ಅಡುಗೆಮನೆ. ಅಲ್ಲಿಂದ ಮುಂದೆ ಶುರು ನೋಡಿ, ನಂಬರುಗಳ ಮೆರವಣಿಗೆ! 330. 334. 551. 627. 631. 160ಸಿ. ಕಂಪನಿಗೊಂದು ಜೋಡಣೆ ಇರಬಹುದು, ಆದರೆ ಈ ಆರು ಮತ್ತೆ ಮತ್ತೆ ಎದುರಾಗುತ್ತವೆ.

ಏನಿವು? ವಿಷವೇ? ಔಷಧವೇ? ಗುಪ್ತ ಸಂಕೇತವೇ?

ಬನ್ನಿ, ಪಂದ್ಯ ಕಟ್ಟೋಣ. ಈ ಆರರಲ್ಲಿ ನಾಲ್ಕು ಈಗಾಗಲೇ ನಿಮ್ಮ ಮನೆಯೊಳಗೆ ಬಂದು ಕೂತಿವೆ. ಯಾವುವು? ಊಹಿಸಿ!

334 ಸುಲಭ. ಸಾರಿಗೆಂದು ನೆನೆಹಾಕಿದ ಹುಣಸೆಹಣ್ಣು ಇದೆಯಲ್ಲ, ಅದರ ಹುಳಿಯೇ ಟಾರ್ಟಾರಿಕ್ ಆಮ್ಲ. ಅದೇ 334. ಅಷ್ಟೇ!

160ಸಿ? ನಿಮ್ಮ ಬೆರಳ ತುದಿ ನೋಡಿಕೊಳ್ಳಿ. ಚಿಪ್ಸ್ ತಿಂದು ಮುಗಿಸಿದ ಮೇಲೂ ಬಿಡದೆ ಅಂಟಿಕೊಂಡ ಆ ಕೇಸರಿ ಕಲೆ! ಅದು ಮೆಣಸಿನಕಾಯಿಯಿಂದ ತೆಗೆದ ಬಣ್ಣ. ಈಗ ಹಾವೇರಿ ಜಿಲ್ಲೆಯ ಕಡೆ ತಿರುಗಿ. ಖಾರ ಕಡಿಮೆ, ಬಣ್ಣ ಗಾಢ, ಒಣಗಿದ ಮೇಲೆ ಮೈಯೆಲ್ಲ ಸುಕ್ಕು. ಹೌದು, ಬ್ಯಾಡಗಿ! 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೊರೆಸಿನ್ ಎಂಬ ಗಟ್ಟಿ ಕೆಂಪು ಎಣ್ಣೆ ತೆಗೆಯುತ್ತಾರೆ. ಅದು ತಿಂಡಿಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ!

551 ಎಲ್ಲಿದೆ ಗೊತ್ತೇ? ಅಡುಗೆಮನೆಯಲ್ಲಿ ಹುಡುಕಬೇಡಿ. ಹೊಸ ಚಪ್ಪಲಿಯ ಡಬ್ಬಿ ತೆಗೆಯಿರಿ. ಒಳಗೊಂದು ಪುಟ್ಟ ಪೊಟ್ಟಣ, 'ತಿನ್ನಬೇಡಿ' ಎಂಬ ಎಚ್ಚರಿಕೆ. ಸಿಲಿಕಾ ಜೆಲ್! ಅದೂ ಸಿಲಿಕಾನ್ ಡೈಆಕ್ಸೈಡ್, 551 ಕೂಡ ಸಿಲಿಕಾನ್ ಡೈಆಕ್ಸೈಡ್. ಹೊಳೆದಂಡೆಯ ಮರಳು ಕೂಡ ಬಹುಪಾಲು ಅದೇ!

ಹಾಗಾದರೆ ಚಿಪ್ಸಿಗೆ ಮರಳು ಹಾಕುತ್ತಾರಾ? ಗಾಬರಿ ಬೇಡ. ಇದು ಆಹಾರಕ್ಕೆಂದೇ ತಯಾರಿಸಿದ ಅತಿ ನಯವಾದ ಪುಡಿ. ಮಸಾಲೆ ಗಂಟುಕಟ್ಟದಂತೆ ಚಿಟಿಕೆಯಷ್ಟು ಬೆರೆಸುತ್ತಾರೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಗೆ ಅಜ್ಜಿ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದರಲ್ಲ, ಆ ಕೆಲಸವನ್ನೇ ಇದು ಮಾಡುವುದು.

ಉಳಿದದ್ದು 330. ಸಿಟ್ರಿಕ್ ಆಮ್ಲ. ನಿಂಬೆಹಣ್ಣಿನ ಹುಳಿ! ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ 1784ರಲ್ಲಿ ನಿಂಬೆರಸದಿಂದಲೇ ಇದರ ಹರಳು ತೆಗೆದ. ಹಾಗಾದರೆ ಇವತ್ತಿನ ಚಿಪ್ಸಿನ 330 ಕೂಡ ನಿಂಬೆಯಿಂದ ಬಂದದ್ದೇ?

ಅಲ್ಲ! ಎಲ್ಲಿಂದ ಅಂತ ಊಹಿಸಿ. ಸುಳಿವು ಬೇಕೇ? ಅದರ ಮೂಲವನ್ನು ನೀವು ಎಷ್ಟೋ ಬಾರಿ ಸಿಂಕಿನಲ್ಲಿ ತೊಳೆದು ಹಾಕಿದ್ದೀರಿ.

ಈರುಳ್ಳಿ ಸುಲಿಯುವಾಗ ಹೊರಸಿಪ್ಪೆಯ ಅಡಿಯಲ್ಲಿ ಕೈಗೆ ಹತ್ತುವ ಕಪ್ಪು ಪುಡಿ ಇದೆಯಲ್ಲ, ಅದು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು. ಈ ಕಪ್ಪು ಬೂಷ್ಟಿಗೆ ಸಕ್ಕರೆ ಉಣಿಸಿದರೆ ಸಿಟ್ರಿಕ್ ಆಮ್ಲವನ್ನು ಧಾರಾಳವಾಗಿ ಸುರಿಸುತ್ತದೆ ಎಂದು 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕನ್ ವಿಜ್ಞಾನಿ ತೋರಿಸಿಕೊಟ್ಟ. ಅದುವರೆಗೆ ಇಟಲಿಯ ನಿಂಬೆ ತೋಟಗಳೇ ಜಗತ್ತಿಗೆ ಹುಳಿ ಒದಗಿಸುತ್ತಿದ್ದವು. ಇವತ್ತು? ವರ್ಷಕ್ಕೆ 20 ಲಕ್ಷ ಟನ್ನಿಗೂ ಮಿಕ್ಕಿ ಸಿಟ್ರಿಕ್ ಆಮ್ಲ ತಯಾರಾಗುತ್ತದೆ. ಹೆಚ್ಚುಕಡಿಮೆ ಎಲ್ಲವೂ ಈ ಬೂಷ್ಟಿನ ದುಡಿಮೆ! ಕೊನೆಗೆ ಬೂಷ್ಟನ್ನು ಸೋಸಿ ತೆಗೆದು ಆಮ್ಲವನ್ನು ಹರಳುಗಟ್ಟಿಸುತ್ತಾರೆ. ನಾಲಿಗೆಗೆ ಬರುವುದು ಹುಳಿ ಮಾತ್ರ.

ಪಂದ್ಯ ಗೆದ್ದಿರಾ? ಸೋತಿದ್ದರೂ ಪರವಾಗಿಲ್ಲ. ಇನ್ನೊಂದು ಕೊಡುತ್ತೇನೆ.

948 ಎಂಬ ನಂಬರು. ಇದಿಲ್ಲದೆ ನೀವು ಹತ್ತು ನಿಮಿಷ ಬದುಕುವುದೂ ಕಷ್ಟ. ಏನದು?

ಆಮ್ಲಜನಕ! ಆಹಾರ ಸಂಯೋಜಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಾವು ಉಸಿರಾಡುವ ಆಮ್ಲಜನಕಕ್ಕೂ ಒಂದು ನಂಬರಿದೆ. ಅರಿಶಿನದ ಕರ್ಕುಮಿನ್ 100. ಸಿ ಜೀವಸತ್ವ 300. ಅಡುಗೆ ಸೋಡಾ 500ರ ಗುಂಪಿನದು. ಚಿಪ್ಸ್ ಪ್ಯಾಕೆಟ್ ಉಬ್ಬಿಸಿರುವ ಸಾರಜನಕ 941! 'ಹತ್ತು ರೂಪಾಯಿಗೆ ಗಾಳಿ ಮಾರುತ್ತಾರೆ' ಎಂದು ಬೈಯುತ್ತೀರಲ್ಲ, ಅದು ಮಾಮೂಲಿ ಗಾಳಿಯಲ್ಲ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕವಿದೆ, ಅದು ಎಣ್ಣೆಯನ್ನು ಕಮಟು ಮಾಡುತ್ತದೆ. ಹಾಗಾಗಿ ಅದನ್ನು ಹೊರಗಟ್ಟಿ ಸಾರಜನಕ ತುಂಬುತ್ತಾರೆ. ಸಾಗಾಟದಲ್ಲಿ ಬಿಲ್ಲೆ ಪುಡಿಯಾಗದಂತೆ ಕಾಯುವುದೂ ಅದೇ. ಹಾಗೆಂದು ಅರ್ಧ ಪ್ಯಾಕೆಟ್ ಖಾಲಿ ಇರುವುದಕ್ಕೆ ನನಗೂ ಸಿಟ್ಟಿದೆ, ಅದು ಬೇರೆ ಮಾತು.

ಇಲ್ಲೇ ಒಂದು ತಿರುವಿದೆ ನೋಡಿ. ನಂಬರು ಬಿದ್ದಿದೆ ಎಂದರೆ ಆ ವಸ್ತುವನ್ನು ಯಾರೋ ಪರೀಕ್ಷೆಗೆ ಒಡ್ಡಿದ್ದಾರೆ ಎಂದರ್ಥ. ಹೆಸರಿದೆ, ವಿಳಾಸವಿದೆ, ಎಲ್ಲಿ ಎಷ್ಟು ಬಳಸಬಹುದೆಂಬ ಕಟ್ಟುಪಾಡಿದೆ. ನಿಜವಾಗಿ ಹೆದರಬೇಕಾದದ್ದು ನಂಬರೇ ಇಲ್ಲದವಕ್ಕೆ! 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಆಗ ಎಲ್ಲರ ಬಾಯಲ್ಲಿದ್ದ ಹೆಸರು ರೋಡಮಿನ್-ಬಿ. ಬಟ್ಟೆಗೆ ಹಾಕುವ ಬಣ್ಣ ಅದು. ಆಹಾರದ ಪಟ್ಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ, ನಂಬರೂ ಇಲ್ಲ.

ಈಗ ಬನ್ನಿ ಜೋಡಿ ನಂಬರುಗಳಿಗೆ. 627 ಮತ್ತು 631. ಒಂದಿದ್ದಲ್ಲಿ ಇನ್ನೊಂದು! ಯಾಕೆ ಯಾವಾಗಲೂ ಜೊತೆಯಲ್ಲೇ?

ಕಥೆ ಜಪಾನಿನಲ್ಲಿ ಶುರುವಾಗುತ್ತದೆ. 1908. ಟೋಕಿಯೊದ ಪ್ರೊಫೆಸರ್ ಕಿಕುನೆ ಇಕೆಡಾ ಕೊಂಬು ಎಂಬ ಕಡಲಕಳೆಯ ಸಾರಿನ ರುಚಿಯ ಬೆನ್ನು ಹತ್ತಿದ. ಅದು ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯೂ ಅಲ್ಲ. ಮತ್ತೇನು? 12 ಕಿಲೊ ಕಡಲಕಳೆ ಬಸಿದು ಬತ್ತಿಸಿದ. ಸಿಕ್ಕಿದ್ದೆಷ್ಟು? 30 ಗ್ರಾಂ! ಅದೇ ಗ್ಲುಟಮೇಟ್. ಆ ರುಚಿಗೆ ಆತ ಇಟ್ಟ ಹೆಸರು ಉಮಾಮಿ. ಮರುವರ್ಷವೇ ಅದು ಅಂಗಡಿಗೆ ಬಂತು, ಅಜಿನೊಮೊಟೊ ಎಂಬ ಹೆಸರಿನಲ್ಲಿ. ನಮ್ಮ ಗೋಬಿ ಗಾಡಿಯವರ 'ಟೇಸ್ಟಿಂಗ್ ಪೌಡರ್' ಅದೇ. ಲೇಬಲ್ ಮೇಲೆ 621.

ತಾಯಿಯ ಎದೆಹಾಲಿನಲ್ಲೂ ಗ್ಲುಟಮೇಟ್ ಇದೆ. ಹಸುವಿನ ಹಾಲಿಗಿಂತ ಎಷ್ಟು ಹೆಚ್ಚು, ಹೇಳಿ ನೋಡೋಣ? ಸುಮಾರು 10 ಪಟ್ಟು!

1913ರಲ್ಲಿ ಇಕೆಡಾನ ಶಿಷ್ಯ ಶಿಂಟಾರೊ ಕೊಡಾಮಾ ಒಣಗಿಸಿದ ಬೊನಿಟೊ ಮೀನಿನಲ್ಲಿ ಇನೋಸಿನೇಟ್ ಕಂಡುಹಿಡಿದ. 631. ಆಮೇಲೆ 1957ರಲ್ಲಿ ಅಕಿರಾ ಕುನಿನಾಕಾ ಗ್ವಾನಿಲೇಟ್ ರುಚಿಯ ಗುಟ್ಟು ಬಿಡಿಸಿದ, ಶಿಟಾಕೆ ಅಣಬೆಯ ರುಚಿ ಅದು. 627. ಆತ ಕಂಡದ್ದು ಅಷ್ಟೇ ಅಲ್ಲ. ಇವನ್ನು ಗ್ಲುಟಮೇಟಿನ ಜೊತೆ ಬೆರೆಸಿದರೆ ರುಚಿ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತದೆ! ಚಿಟಿಕೆಯಷ್ಟು ಹಾಕಿದರೆ ಸಾಕು, ಉಮಾಮಿ ಹಲವು ಪಟ್ಟು ಜಿಗಿಯುತ್ತದೆ.

ಈಗ ನೀವೇ ಪತ್ತೇದಾರರಾಗಿ. ಪ್ಯಾಕೆಟ್ ಮೇಲೆ 627, 631 ಇದೆ, 621 ಇಲ್ಲ. ಜೊತೆಗಾರನಿಲ್ಲದೆ ಇವೆರಡರ ಆಟ ನಡೆಯುವುದಿಲ್ಲ. ಹಾಗಾದರೆ ಗ್ಲುಟಮೇಟ್ ಎಲ್ಲಿ ಅಡಗಿದೆ? ಪಟ್ಟಿಯನ್ನು ಇನ್ನೊಮ್ಮೆ ಓದಿ. ಟೊಮೆಟೊ ಪುಡಿ! ಚೀಸ್ ಪುಡಿ! ಯೀಸ್ಟ್ ಸಾರ! 'ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್', ಅಂದರೆ ಸೋಯಾದಂಥ ಕಾಳಿನ ಪ್ರೋಟೀನನ್ನು ಒಡೆದ ಪುಡಿ! ಇವೆಲ್ಲದರಲ್ಲೂ ಗ್ಲುಟಮೇಟ್ ಸಹಜವಾಗಿಯೇ ಇದೆ. ಸಿಕ್ಕಿಬಿತ್ತಲ್ಲ!

631 ಎಂದರೆ ಹಂದಿ ಕೊಬ್ಬು ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಮೊದಲನೆಯದಾಗಿ, ಅದು ಕೊಬ್ಬೇ ಅಲ್ಲ. ಮಾಂಸ, ಮೀನಿನಿಂದ ತೆಗೆಯಲು ಸಾಧ್ಯ, ನಿಜ. ಆದರೆ ಪಿಷ್ಟ, ಸಕ್ಕರೆಯನ್ನು ಬ್ಯಾಕ್ಟೀರಿಯಾದಿಂದ ಹುದುಗಿಸಿಯೂ ತಯಾರಿಸುತ್ತಾರೆ. ನಮ್ಮ ದೇಶದಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇದ್ದರೆ ಪ್ರಾಣಿಮೂಲದ್ದನ್ನು ಬಳಸುವಂತಿಲ್ಲ, ಹಾಲಿನ ಪದಾರ್ಥ, ಜೇನು ಬಿಟ್ಟು. ಫಾರ್ವರ್ಡ್ ಮಾಡುವ ಮೊದಲು ಚುಕ್ಕಿ ನೋಡಿ ಸ್ವಾಮಿ!

ಇನ್ನು ಸುವಾಸನೆ. ಇಲ್ಲಿ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ!

ದಪ್ಪ ಮೆಣಸಿನಕಾಯಿ, ಅಂದರೆ ಕ್ಯಾಪ್ಸಿಕಂ ಹೆಚ್ಚಿದಾಗ ಮೂಗಿಗೆ ಅಡರುವ ಹಸಿ ವಾಸನೆ ಗೊತ್ತಲ್ಲ? ಅದರ ಹಿಂದಿರುವುದು ಪೈರಜೀನ್ ಗುಂಪಿನ ಒಂದೇ ಒಂದು ಅಣು. ಕ್ಯಾಲಿಫೋರ್ನಿಯಾದ ರಾನ್ ಬಟರಿ ಮತ್ತು ಸಂಗಡಿಗರು 1969ರಲ್ಲಿ ಅದನ್ನು ಅಳೆದರು. ಒಲಿಂಪಿಕ್ ಈಜುಕೊಳವೊಂದರಲ್ಲಿ 25 ಲಕ್ಷ ಲೀಟರ್ ನೀರಿದೆ ಎಂದುಕೊಳ್ಳಿ. ಅಷ್ಟೂ ನೀರಿಗೆ ಕ್ಯಾಪ್ಸಿಕಂ ವಾಸನೆ ಬರಿಸಲು ಈ ವಸ್ತು ಎಷ್ಟು ಬೇಕು? ಒಂದು ಬಕೆಟ್? ಒಂದು ಲೋಟ? ಒಂದು ಚಮಚ?

5 ಮಿಲಿಗ್ರಾಂ! ಐದು ಅಕ್ಕಿಕಾಳಿನ ತೂಕವಲ್ಲ, ಒಂದು ಅಕ್ಕಿಕಾಳಿನ ಕಾಲುಭಾಗದಷ್ಟು! ನಮ್ಮ ಮೂಗು ಅಷ್ಟು ಚುರುಕು. ಇದೇ ಬಳಗದ ಇನ್ನೊಂದು ಅಣು ಹಸಿ ಆಲೂಗಡ್ಡೆಯ ಮಣ್ಣಿನ ವಾಸನೆಯಲ್ಲೂ ಇದೆ. ಆಶ್ಚರ್ಯವೇನಿಲ್ಲ, ಆಲೂಗಡ್ಡೆ, ಮೆಣಸಿನಕಾಯಿ, ಟೊಮೆಟೊ, ಬದನೆ ಎಲ್ಲವೂ ಒಂದೇ ಸಸ್ಯಕುಟುಂಬ. ಚಿಪ್ಸ್ ಮೇಲೆ ಟೊಮೆಟೊ ಮಸಾಲೆ ಉದುರಿಸುವುದೆಂದರೆ ದಾಯಾದಿಗಳನ್ನು ಒಂದೇ ಪಂಕ್ತಿಗೆ ಕೂರಿಸುವುದು!

ಹೀಗಾಗಿಯೇ ಪಟ್ಟಿಯಲ್ಲಿ 'ಸುವಾಸನೆ' ಎಂಬುದು ಕೊನೆಕೊನೆಗೆ ಬರುತ್ತದೆ. ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆಯಬೇಕೆಂಬುದು ನಿಯಮ. ಸುವಾಸನೆ ತೂಗುವುದೇ ಮಿಲಿಗ್ರಾಂಗಳಲ್ಲಿ. ಅದನ್ನು ಹೊತ್ತು ತರಲು ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಹೆಚ್ಚುಕಡಿಮೆ ರುಚಿಯಿಲ್ಲದ ಪಿಷ್ಟದ ಪುಡಿ ಬೇಕು. ಅದು ಬರೀ ಕೂಲಿಯಾಳು.

ಮತ್ತೊಂದು ಒಗಟು. ವಿನೆಗರ್ ರುಚಿಯ ಚಿಪ್ಸ್ ಇದೆ. ವಿನೆಗರ್ ದ್ರವ. ಬಿಲ್ಲೆಯ ಮೇಲೆ ಚಿಮುಕಿಸಿದರೆ ಮೆತ್ತಗಾಗಬೇಕು. ಆದರೆ ಗರಿಗರಿ ಇದೆ! ಹೇಗೆ?

ಒಣ ವಿನೆಗರ್! 262, ಸೋಡಿಯಂ ಡೈಅಸಿಟೇಟ್. ನೋಡಲು ಬಿಳಿ ಹರಳು, ಮುಟ್ಟಲು ಒಣ. ಅದರ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ವಿನೆಗರಿನ ಆಮ್ಲವೇ. ನಾಲಿಗೆಯ ಮೇಲೆ ಕರಗಿದೊಡನೆ ಹುಳಿ ಚಿಮ್ಮುತ್ತದೆ!

ಹೆಸರಿನ ಚಮತ್ಕಾರವೂ ಕಡಿಮೆಯದಲ್ಲ. ಬ್ರಿಟನ್ನಿನಲ್ಲಿ ಸೀಗಡಿ ರುಚಿಯ ಚಿಪ್ಸ್ ಜನಪ್ರಿಯ. ಒಳಗೆ ಸೀಗಡಿಯೇ ಇಲ್ಲದ, ಸಸ್ಯಾಹಾರಿಗಳೂ ತಿನ್ನಬಹುದಾದ ಪ್ಯಾಕೆಟ್ಟುಗಳಿವೆ! 1980ರ ದಶಕದ ಆರಂಭದಲ್ಲಿ ವೇಲ್ಸ್‌ನ ಪಬ್ ಮಾಲೀಕರೊಬ್ಬರು ತಮಾಷೆಗೆಂದು ಹೆಜ್‌ಹಾಗ್ ಚಿಪ್ಸ್ ಮಾರತೊಡಗಿದರು. ಹೆಜ್‌ಹಾಗ್ ಅಂದರೆ ಅಂಗೈಯಗಲದ ಮುಳ್ಳಿನ ಪ್ರಾಣಿ. ವ್ಯಾಪಾರ ತನಿಖಾ ಇಲಾಖೆ ಬಂದು ಹಿಡಿಯಿತು. ಆರೋಪವೇನು? ಪ್ರಾಣಿಹಿಂಸೆಯೇ? ಅಲ್ಲ! ಒಳಗೆ ಹೆಜ್‌ಹಾಗ್ ಇಲ್ಲ ಎಂಬುದೇ ಆರೋಪ! ಲೇಬಲ್ಲಿನ ಒಕ್ಕಣೆ ಬದಲಿಸಿ ರಾಜಿಯಾಯಿತು.

ಗರಿಗರಿ ಸದ್ದು ಕೂಡ ಒಂದು ಪದಾರ್ಥವೇ! ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೊ ಝಂಪಿನಿ ಜನರ ಕಿವಿಗೆ ಹೆಡ್‌ಫೋನ್ ಹಾಕಿ ಚಿಪ್ಸ್ ಕಚ್ಚಿಸಿದರು. ಕಚ್ಚುವ ಸದ್ದನ್ನು ಜೋರು ಮಾಡಿ ಕೇಳಿಸಿದಾಗ ಅದೇ ಚಿಪ್ಸ್ ಹೆಚ್ಚು ತಾಜಾ ಎನಿಸಿತು! ಈ ಸಂಶೋಧನೆಗೆ 2008ರಲ್ಲಿ ಇಗ್ನೊಬೆಲ್ ಪ್ರಶಸ್ತಿಯೂ ಬಂತು.

ಸರಿ, ನಂಬರುಗಳ ಜಾತ್ರೆ ಸಾಕು. ಈಗ ಪಟ್ಟಿಯ ತಲೆಗೆ ಬನ್ನಿ. ಎರಡನೆಯ ಹೆಸರು ಏನಿದೆ? ಎಣ್ಣೆ.

100 ಗ್ರಾಂ ಚಿಪ್ಸಿನಲ್ಲಿ ಎಣ್ಣೆ ಎಷ್ಟಿರಬಹುದು? ಐದು ಗ್ರಾಂ? ಹತ್ತು?

ಸುಮಾರು 33 ಗ್ರಾಂ! ಮೂರರಲ್ಲೊಂದು ಪಾಲು!

ಲೆಕ್ಕ ಹಾಕಿ ನೋಡಿ. ಆಲೂಗಡ್ಡೆಯಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು. ಒಂದೂವರೆ ಮಿಲಿಮೀಟರಿಗಿಂತ ತೆಳುವಾಗಿ ಹೆಚ್ಚಿದ ಬಿಲ್ಲೆಯನ್ನು 180 ಡಿಗ್ರಿ ಆಸುಪಾಸಿನ ಎಣ್ಣೆಗೆ ಬಿಟ್ಟರೆ ಆ ನೀರು ಆವಿಯಾಗಿ ನುಗ್ಗಿ ಹೊರಬರುತ್ತದೆ. ಕೊನೆಗೆ ಉಳಿಯುವ ನೀರು ನೂರಕ್ಕೆ ಎರಡು ಪಾಲೂ ಇಲ್ಲ. ಒಂದು ಕಿಲೊ ಚಿಪ್ಸಿಗೆ ಮೂರರಿಂದ ನಾಲ್ಕು ಕಿಲೊ ಆಲೂಗಡ್ಡೆ ಬೇಕಾಗುವುದು ಇದಕ್ಕೇ.

ಎಣ್ಣೆ ಬಿಲ್ಲೆಯೊಳಗೆ ಹೊಗುವುದು ಯಾವಾಗ? 'ಬಾಣಲೆಯಲ್ಲಿ ಬೇಯುವಾಗ' ಅಂದಿರಾ? ತಪ್ಪು! ಬೇಯುವಾಗ ಆವಿ ಹೊರಕ್ಕೆ ತಳ್ಳುತ್ತಿರುತ್ತದೆ, ಎಣ್ಣೆಗೆ ಒಳಹೋಗಲು ದಾರಿಯೇ ಇಲ್ಲ. ಜಾಲರಿ ಸೌಟಿನಲ್ಲಿ ಎತ್ತಿದ ಮೇಲೆ ಬಿಲ್ಲೆ ಆರತೊಡಗುತ್ತದೆ, ಒಳಗಿನ ಆವಿ ಕುಗ್ಗುತ್ತದೆ, ರಂಧ್ರಗಳು ಮೇಲ್ಮೈಯ ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಬಹುಪಾಲು ಎಣ್ಣೆ ಒಳಸೇರುವುದು ಆ ಕೆಲವೇ ಕ್ಷಣಗಳಲ್ಲಿ! ಮನೆಯಲ್ಲಿ ಕರಿದಾಗ ಬಿಸಿ ಇರುವಾಗಲೇ ಚೆನ್ನಾಗಿ ಜಾಡಿಸಿ ಸೋಸಿ.

ಈಗ ಎಲ್ಲಕ್ಕಿಂತ ದೊಡ್ಡ ಅಚ್ಚರಿ. ಚಿಪ್ಸಿನಲ್ಲಿ ವಿಜ್ಞಾನಿಗಳನ್ನು ಅತಿಯಾಗಿ ಕಾಡಿದ ವಸ್ತು ಯಾವುದು? ಪಟ್ಟಿ ಓದಿ. ಮತ್ತೆ ಓದಿ. ಸಿಗುವುದಿಲ್ಲ! ಯಾಕೆಂದರೆ ಅದನ್ನು ಯಾರೂ ಹಾಕಿಯೇ ಇಲ್ಲ!

1997. ದಕ್ಷಿಣ ಸ್ವೀಡನ್ನಿನ ಹಾಲಂಡ್ಸೋಸ್ ಗುಡ್ಡದಲ್ಲಿ ರೈಲು ಸುರಂಗ ಕೊರೆಯುತ್ತಿದ್ದರು. ನೀರು ಜಿನುಗತೊಡಗಿತು. ಬಿರುಕು ಮುಚ್ಚಲು ಒಂದು ರಾಸಾಯನಿಕ ಅಂಟು ಸುರಿದರು. ಅದು ಸೋರಿ ಹಳ್ಳ ಸೇರಿತು. ಮೀನು ಸತ್ತವು! ಆ ನೀರು ಕುಡಿದ ಹಸುಗಳಿಗೆ ಕಾಲು ಬಿದ್ದುಹೋಯಿತು! ಅಂಟಿನಲ್ಲಿದ್ದದ್ದು ಅಕ್ರಿಲಮೈಡ್.

ಕೂಲಿಗಳ ರಕ್ತ ಪರೀಕ್ಷೆ ನಡೆಯಿತು. ಹೋಲಿಸಲೆಂದು, ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತವನ್ನೂ ಪರೀಕ್ಷಿಸಿದರು. ಅವರಲ್ಲೂ ಅಕ್ರಿಲಮೈಡಿನ ಗುರುತು! ಎಲ್ಲಿಂದ ಬಂತು? ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಮಾರ್ಗರೆಟಾ ಟೋರ್ನ್‌ಕ್ವಿಸ್ಟ್ ಮತ್ತು ತಂಡ ವರ್ಷಗಟ್ಟಲೆ ಜಾಡು ಹಿಡಿದು ಹೋಯಿತು. ಗಾಳಿಯಲ್ಲ. ನೀರಲ್ಲ. 2002ರ ಏಪ್ರಿಲ್‌ನಲ್ಲಿ ಉತ್ತರ ಸಿಕ್ಕಿತು. ಊಟದ ತಟ್ಟೆ! ಕರಿದ, ಸುಟ್ಟ ಪಿಷ್ಟದ ಪದಾರ್ಥ. ಅದರಲ್ಲಿ ಮುಂಚೂಣಿಯಲ್ಲಿದ್ದದ್ದು ಆಲೂಗಡ್ಡೆ ಚಿಪ್ಸ್!

ಆಲೂಗಡ್ಡೆಯಲ್ಲಿ ಆಸ್ಪರಜೀನ್ ಎಂಬ ಅಮೈನೊ ಆಮ್ಲ ಸಹಜವಾಗಿದೆ. ಗ್ಲುಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳೂ ಇವೆ. 120 ಡಿಗ್ರಿ ದಾಟಿತೋ, ಇವೆರಡೂ ಕೂಡಿ ಬಿಲ್ಲೆಗೆ ಕಂದುಬಣ್ಣ ಬರುತ್ತದೆ, ಘಮ ಬರುತ್ತದೆ, ಅದರ ಜೊತೆಗೇ ಅಕ್ರಿಲಮೈಡೂ ಬರುತ್ತದೆ! ಕಾರ್ಖಾನೆ, ಮನೆ ಎಂಬ ಭೇದವಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದ ಮೇಲೆ ಇದನ್ನು ಮನುಷ್ಯರಿಗೂ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿನಲ್ಲಿಟ್ಟಿದ್ದಾರೆ. ಯುರೋಪಿನ ಒಕ್ಕೂಟ 2017ರಲ್ಲಿ ಚಿಪ್ಸಿಗೊಂದು ಮಟ್ಟ ಗೊತ್ತುಮಾಡಿತು. ಕಿಲೊಗೆ 750 ಮೈಕ್ರೊಗ್ರಾಂ. ಅದನ್ನು ದಾಟಿದರೆ ತಯಾರಕರು ವಿಧಾನ ತಿದ್ದಿಕೊಳ್ಳಬೇಕು.

ಪರಿಹಾರ ಇರುವುದು ಹೊಲದಲ್ಲಿ! ಸಕ್ಕರೆ ಕಡಿಮೆ ಇರುವ ಆಲೂ ಬೇಕು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲೇ ಚಿಪ್ಸಿಗೆಂದು ಇಂಥ ತಳಿ ಬಿಡುಗಡೆ ಮಾಡಿತ್ತು. ಹೆಸರು ಕುಫ್ರಿ ಚಿಪ್ಸೋನಾ! ಇದನ್ನು ಮಾಮೂಲಿ ಶೀತಲಗೃಹದ 2ರಿಂದ 4 ಡಿಗ್ರಿ ಚಳಿಯಲ್ಲಿ ಇಡುವಂತಿಲ್ಲ. ಚಳಿ ತಗುಲಿದರೆ ಪಿಷ್ಟ ಸಕ್ಕರೆಯಾಗಿ ಬಿಲ್ಲೆ ಕಪ್ಪಾಗುತ್ತದೆ. 10ರಿಂದ 12 ಡಿಗ್ರಿಯಲ್ಲಿ ಜೋಪಾನ ಮಾಡಬೇಕು. ಹಾಸನದ ಕಡೆ ಚಿಪ್ಸ್ ಕಂಪನಿಗಳಿಗೆಂದೇ ಆಲೂ ಬೆಳೆಯುವ ರೈತರಿದ್ದಾರೆ. ಸಾರಿಗೆ, ಪಲ್ಯಕ್ಕೆ ಹಾಕುವ ಆಲೂ ಬೇರೆ, ಇದೇ ಬೇರೆ.

ಹಾಗಾದರೆ ಏನು ಮಾಡಬೇಕು? ಪ್ಯಾಕೆಟ್ಟಿನಲ್ಲಿ ಗಾಢ ಕಂದಿದ ಬಿಲ್ಲೆ ಸಿಕ್ಕರೆ ಆರಿಸಿ ಬಿಸಾಡಿ. ಮನೆಯಲ್ಲಿ ಕರಿದರೆ ಹೊನ್ನಬಣ್ಣಕ್ಕೇ ತೆಗೆಯಿರಿ.

ಇನ್ನೊಂದು ಲೆಕ್ಕವಿದೆ. ಇದನ್ನು ಮನೆಯ ಮಕ್ಕಳ ಕೈಯಲ್ಲಿ ಮಾಡಿಸಿ. ಪೌಷ್ಟಿಕಾಂಶದ ಪಟ್ಟಿಯಲ್ಲಿ 'ಸೋಡಿಯಂ' ಎಂಬ ಸಾಲು ಹುಡುಕಲಿ. ಮುಂದಿರುವ ಅಂಕಿಯನ್ನು 2.5ರಿಂದ ಗುಣಿಸಲಿ. 100 ಗ್ರಾಂಗೆ 800 ಮಿಲಿಗ್ರಾಂ ಎಂದಿದ್ದರೆ ಉತ್ತರ 2,000, ಅಂದರೆ 2 ಗ್ರಾಂ ಉಪ್ಪು! ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಮಕ್ಕಳಿಗೆ ಇನ್ನೂ ಕಡಿಮೆ. 631 ಎಂದರೆ ಬೆಚ್ಚುವವರು ಈ ಸಾಲನ್ನು ಮಾತ್ರ ಓದುವುದೇ ಇಲ್ಲ. ನೀವು ಓದಿ.